ಬಸವನಹುಳುವಿನ ಹೊಂಡ

ಜುಲೈ 12, ಶನಿವಾರ, ಮಧ್ಯಾಹ್ನ ಎರಡೂವರೆ. ಆಕಳಿನ ಗದ್ದದ ಕೆಳಗೆ ನೀರಿನ ಚೀಲದಂತೆ ಬಾವು ಜೋತು ಬಿದ್ದಿದ್ದನ್ನು ನಾನು ಮೊದಲು ನೋಡಿದ್ದು ಆಗ. ಬೆರಳಿನಿಂದ ಒತ್ತಿದೆ. ಒತ್ತಿದ ಕಡೆ ಗುಣಿ ಬಿದ್ದು ಸ್ವಲ್ಪ ಹೊತ್ತು ಹಾಗೆಯೇ ಉಳಿಯಿತು. ಆಕಳು ತಲೆ ಕೊಡವಲಿಲ್ಲ. ಆ ದಿನದ ಡೈರಿಯಲ್ಲಿ ಇಷ್ಟೇ ಇದೆ: ಗದ್ದ, ಬಾವು, ನೋವಿಲ್ಲ. ಮಳೆ ಇಲ್ಲ.

ನಮ್ಮ ಮನೆ ಬೀದರಿನ ಚಿದ್ರಿಯಲ್ಲಿ. ನಾನು ಭಾಲ್ಕಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ದೊಡ್ಡವ್ವ, ಅಂದರೆ ನಮ್ಮ ಅವ್ವನ ಅಕ್ಕ, ಇರುವ ಊರು ಅದೇ ದಾರಿಯಿಂದ ಸ್ವಲ್ಪ ಒಳಗೆ, ಜಲಾಶಯದ ಹಿನ್ನೀರಿನ ಬದಿಗೆ ಇದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಲ್ಲಿಗೆ ಹೋಗುವುದು, ಭಾನುವಾರ ಸಂಜೆ ಚಿದ್ರಿಗೆ ಮರಳುವುದು ನನ್ನ ರೂಢಿ. ದೊಡ್ಡಪ್ಪ ಹಗಲೆಲ್ಲ ಭಾಲ್ಕಿಯಲ್ಲಿ ಕಾಳುಕಡಿ ಕೊಂಡು ಮಾರುವ ಅಡತಿ ಅಂಗಡಿಯಲ್ಲಿರುತ್ತಾರೆ. ದನಗಳ ಕೆಲಸ ಪೂರಾ ದೊಡ್ಡವ್ವನದು.

ದನ ಅಂದರೆ ಎರಡೇ. ಒಂದು ಮುದಿ ಆಕಳು, ಇನ್ನೊಂದು ಅದರ ಮಗಳು, ಮೊದಲ ಸಲ ಗಬ್ಬವಾಗಿದ್ದ ಕಡಸು. ಎರಡೂ ದೇವಣಿ ತಳಿ, ಬಿಳಿ ಮೈ, ಕಪ್ಪು ಮುಖ. ದೊಡ್ಡವ್ವನ ಮದುವೆಯಲ್ಲಿ ಔರಾದಿನ ತವರುಮನೆಯಿಂದ ಬಳುವಳಿಯಾಗಿ ಒಂದು ಆಕಳನ್ನು ಹೊಡೆದುಕೊಂಡು ಬಂದಿದ್ದರಂತೆ. ಅದರ ಸಂತಾನದಲ್ಲಿ ಉಳಿದದ್ದು ಇವೆರಡು. ತವರಿನಲ್ಲಿ ಈಗ ದನ ಇಲ್ಲ, ಟ್ರ್ಯಾಕ್ಟರ್ ಇದೆ.

ಶನಿವಾರ ಸಂಜೆಯ ಕೆಲಸ ಉಣ್ಣಿ ತೆಗೆಯುವುದು. ದೊಡ್ಡವ್ವ ಒಡೆದ ಹಂಚಿನಲ್ಲಿ ಕೆಂಡ ಹಾಕಿಕೊಂಡು ಕೊಟ್ಟಿಗೆಯಲ್ಲಿ ಕೂಡುತ್ತಿದ್ದಳು. ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಬೆರಳಾಡಿಸಿ ಒಂದೊಂದೇ ಕಿತ್ತು ಕೆಂಡಕ್ಕೆ ಹಾಕುವಳು. ರಕ್ತ ಕುಡಿದು ಉಬ್ಬಿದ ಉಣ್ಣಿ ಚಟ್ ಎಂದು ಸಿಡಿಯುತ್ತಿತ್ತು. ಎಣಿಸುವುದು ನನ್ನ ಪಾಲು. ಆ ಶನಿವಾರ ಆಕಳಿನ ಮೈಮೇಲೆ ಇಪ್ಪತ್ತಾರು, ಕಡಸಿನ ಮೈಮೇಲೆ ಒಂಬತ್ತು. ಸೊರಗಿದ ದನಕ್ಕೆ ಉಣ್ಣಿ ಜಾಸ್ತಿ ಎಂದು ದೊಡ್ಡವ್ವ ಹೇಳಿದಳು. ಅದು ಯಾಕೆ ಸೊರಗಿದೆ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಉಣ್ಣಿಯನ್ನು ಹಾಗೆ ಸುಡುವವಳು ಬಸವನಹುಳುವನ್ನು ಮುಟ್ಟುವ ರೀತಿಯೇ ಬೇರೆ. ಹೊಲದ ತಗ್ಗಿನ ಮೂಲೆಯಲ್ಲಿ ಒಂದು ಹೊಂಡ ಇದೆ. ಹಿನ್ನೀರಿನ ಬಸಿ ನೀರು ಅದನ್ನು ತುಂಬುತ್ತದೆ. ಮೇ ತಿಂಗಳಲ್ಲಿ ಸುತ್ತಲಿನ ನೆಲ ಬಿರುಕು ಬಿಟ್ಟಾಗಲೂ ಅದರ ದಂಡೆಯಲ್ಲಿ ಹಸಿ ಹುಲ್ಲು ಇರುತ್ತದೆ. ದೊಡ್ಡವ್ವ ದಿನಾ ಅಲ್ಲಿಂದ ಒಂದು ಹೊರೆ ಹುಲ್ಲು ಕೊಯ್ದು ತರುತ್ತಿದ್ದಳು. ಹೊರೆ ಬಿಚ್ಚಿದಾಗ ಎಸಳುಗಳಿಗೆ ಅಂಟಿಕೊಂಡ ಸಣ್ಣ ಸಣ್ಣ ಬಸವನಹುಳುಗಳು ಸಿಗುತ್ತಿದ್ದವು. ದೊಡ್ಡದೆಂದರೆ ಶೇಂಗಾ ಕಾಳಿನಷ್ಟು. ಅವನ್ನು ದನ ತುಳಿಯಬಾರದೆಂದು ಆರಿಸಿ ತಂಬಿಗೆಯಲ್ಲಿ ಹಾಕಿ, ಮರುದಿನ ಹುಲ್ಲಿಗೆ ಹೋಗುವಾಗ ಒಯ್ದು ಹೊಂಡಕ್ಕೆ ಬಿಡುತ್ತಿದ್ದಳು. ಬಸವಣ್ಣನ ಹೆಸರು ಹೊತ್ತದ್ದು ಕಾಲಡಿ ಬರಬಾರದು, ಅಷ್ಟೇ ಅವಳ ಕಾರಣ. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ. ಉಣ್ಣಿಗೆ ಅಂಥ ಹೆಸರಿಲ್ಲ.

ಬಾವು ಕಂಡ ಮರುದಿನ ದೊಡ್ಡಪ್ಪ ಔಷಧದ ಅಂಗಡಿಯಿಂದ ಜಂತುಹುಳುವಿನ ಬಿಳಿ ಔಷಧ ತಂದರು. ಹೋದ ವರ್ಷ ತಂದದ್ದೂ ಅದೇ. ದೊಡ್ಡವ್ವ ಅದನ್ನು ಗೊಟ್ಟದಲ್ಲಿ, ಅಂದರೆ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆಯಲ್ಲಿ, ತುಂಬಿ ಆಕಳಿನ ಕಟಬಾಯಿಯಿಂದ ಹಾಕಿದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಎರಡು ದಿನ ಬಾವು ಇಳಿದಂತೆ ಕಂಡು ಮತ್ತೆ ಬಂತು. ಹಾಲು ಒಂದು ಚರಿಗೆಯಿಂದ ಅರ್ಧಕ್ಕೆ, ಅರ್ಧದಿಂದ ತಳಕ್ಕೆ ಇಳಿಯಿತು. ಆಮೇಲೆ ಬೆಲ್ಲ, ಅಜವಾನ, ರಾಗಿ ಗಂಜಿ. ಸೋಮವಾರ ಡಾಕ್ಟರನ್ನು ಕರೆಯೋಣ ಎಂದು ನಿರ್ಧಾರವಾಗಿತ್ತು. ಜುಲೈ 27, ಭಾನುವಾರ ಬೆಳಿಗ್ಗೆ ಆಕಳು ಸತ್ತಿತ್ತು.

ಪಕ್ಕದ ಹೊಲದಲ್ಲಿ ಕೆಲಸಕ್ಕೆ ಬಂದಿದ್ದ ಜೆಸಿಬಿಯನ್ನು ದೊಡ್ಡಪ್ಪ ಕರೆತಂದರು. ಗುಂಡಿ ತೋಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಡ್ರೈವರು ಇಂಜಿನ್ನು ಬಂದ್ ಮಾಡದೆ ಫೋನು ನೋಡುತ್ತ ಕುಳಿತಿದ್ದ. ದೊಡ್ಡವ್ವ ಆಕಳಿನ ಹಣೆಗೆ ವಿಭೂತಿ ಹಚ್ಚಿದಳು, ಹಗ್ಗ ಬಿಚ್ಚಿ ಸುತ್ತಿ ಕೈಯಲ್ಲಿ ಹಿಡಿದುಕೊಂಡಳು. ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಕೈಕಾಲು ತೊಳೆದೆವು. ಚಹಾಕ್ಕೆ ಆಕಳ ಹಾಲು ಇರಲಿಲ್ಲ. ಪಾಕೀಟಿನ ಹಾಲು ತರಿಸಿದರು. ಸೋಮವಾರ ನಾನು ಆರನೇ ತರಗತಿಗೆ ಭಿನ್ನರಾಶಿ ಕಲಿಸಿದೆ. ಬೇಗ ಮುಗಿಯಿತು, ಯಾರೂ ಪ್ರಶ್ನೆ ಕೇಳಲಿಲ್ಲ.

ದೊಡ್ಡವ್ವ ಅಳಲಿಲ್ಲ, ನಾನೂ ಅಳಲಿಲ್ಲ. ಮರುವಾರ ನಾನು ಹೋದಾಗ ಕೊಟ್ಟಿಗೆಯಲ್ಲಿ ಆಕಳು ನಿಲ್ಲುತ್ತಿದ್ದ ಜಾಗವನ್ನೂ ಕಸ ಹೊಡೆದು ಸಗಣಿಯಿಂದ ಸಾರಿಸಿದ್ದಳು. ಕಡಸಿಗೆ ಮೇವು ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು: "ಇದೂ ಹೋದ್ರ ಕೊಟಗಿ ಬಂದ್ ಮಾಡ್ತೇನಿ ನೋಡವ್ವಾ. ಮತ್ತೊಂದು ತರಾಂಗಿಲ್ಲ. ತವರಮನಿದು ಅಂತ ಹೇಳಾಕ ಇದೊಂದೇ ಉಳದಾದ."

ಅದು ಆಗಸ್ಟ್ 3, ಭಾನುವಾರ. ಅಂದು ಹನ್ನೊಂದರ ಸುಮಾರಿಗೆ ಔರಾದ ಕಡೆಯ ಕುರಿಗಾರ ಬಂದ. ಪ್ರತಿ ಬೇಸಿಗೆಯಲ್ಲಿ ಅವನು ದೊಡ್ಡವ್ವನ ಹೊಲದಲ್ಲಿ ಕುರಿ ಕೂಡ್ರಿಸುತ್ತಾನೆ. ರಾತ್ರಿ ಕುರಿ ಮಲಗಿದ ಹೊಲಕ್ಕೆ ಹಿಕ್ಕೆ ಗೊಬ್ಬರ ಸಿಗುತ್ತದೆ, ಅವನಿಗೆ ಜೋಳ ಸಿಗುತ್ತದೆ. ಮಳೆಗಾಲದಲ್ಲಿ ಹೊಲಗಳಲ್ಲಿ ಬೆಳೆ ಇರುವುದರಿಂದ ಹಿನ್ನೀರಿನ ಬದಿ ಮೇಯಿಸುತ್ತಾನೆ. ಆಕಳು ಸತ್ತ ಸುದ್ದಿ ಕೇಳಿ ಮಾತಾಡಿಸಲು ಬಂದಿದ್ದ. ದೊಡ್ಡವ್ವನನ್ನು ಅವನು ಮರಾಠಿಯವರಂತೆ ಆಯಿ ಎನ್ನುತ್ತಾನೆ.

ತನ್ನವೂ ನಾಲ್ಕು ಕುರಿ ಹೋದವು ಎಂದು ಹೇಳಿದ. ಕುರಿಗಳಿಗೆ ಬಾವು ಗೀವು ಏನೂ ಬರಲಿಲ್ಲ, ಸಂಜೆ ಮೇದು ಬಂದದ್ದು ಬೆಳಿಗ್ಗೆ ಏಳಲಿಲ್ಲ. ಕೊನೆಯದನ್ನು ಕೊಯ್ದು ನೋಡಿದ್ದನಂತೆ. ನಮ್ಮ ಮನೆಯಲ್ಲಿ ಅಂಥ ಮಾತು ಆಡಬಾರದೆಂದು ಅವನಿಗೆ ಗೊತ್ತು. ಆದರೂ ಹೇಳಿದ.

"ಆಯಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಲೀಜಿ ಪೂರಾ ಕೆಟ್ಟಿತ್ತು ರಿ. ಒಳಗ ಹುಳ. ದಾರದ್ಹಾಂಗ ಉದ್ದಂದು ಅಲ್ಲ, ತೊಗರಿ ಎಲಿ ತೊಯ್ದು ಅಂಟಿದ್ಹಾಂಗ ಚಪ್ಪಟಿ. ಮುಟ್ಟಿದ್ರ ಹೊಳ್ಳಾಡ್ತಿದ್ದವು."

ಆಮೇಲೆ ಎದ್ದು ಕೊಟ್ಟಿಗೆಗೆ ಹೋಗಿ ಕಡಸಿನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದ. ನನಗೂ ನೋಡಲು ಹೇಳಿದ. ಕೆಂಪಗಿರಬೇಕಾದ ಜಾಗ ಬಿಳಿಚಿಕೊಂಡಿತ್ತು. "ಸುಣ್ಣ ಹೊಡದ ಗ್ವಾಡಿ ಆಗ್ಯಾದ" ಎಂದ. ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲಿಲ್ಲ.

ಮುಂದಿನ ಭಾನುವಾರ ರಾತ್ರಿ ದೊಡ್ಡವ್ವನ ಮನೆಯಲ್ಲೇ ಉಳಿದೆ. ಆಗಸ್ಟ್ 11, ಸೋಮವಾರ, ಅರ್ಧ ದಿನ ರಜೆ ಹಾಕಿದೆ. ದೊಡ್ಡವ್ವನ ಊರಿನಿಂದ ಬೀದರಿಗೆ ಹೋಗುವ ಮೊದಲ ಬಸ್ಸಿನಲ್ಲಿ ನನ್ನ ಚೀಲದಲ್ಲಿ ಎರಡು ಡಬ್ಬಿ ಇದ್ದವು. ಒಂದರಲ್ಲಿ ರೊಟ್ಟಿ, ಪುಂಡಿ ಪಲ್ಯ. ಇನ್ನೊಂದರಲ್ಲಿ ತಪಾಸಣೆಗೆಂದು ಕಡಸಿನ ಆ ಬೆಳಗಿನ ಸಗಣಿ. ಯಾರದೋ ಮದುವೆಯಲ್ಲಿ ಕೊಟ್ಟ ಸ್ಟೀಲ್ ಡಬ್ಬಿ ಅದು, ಮುಚ್ಚಳ ಬಿಗಿ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, ಬಿಸಿ ಬಿಸಿ ಕಟ್ಟಿಸಿಕೊಂಡು ಹೊಂಟೀರಲ್ಲ, ಆಫೀಸಿಗೇನ್ರಿ ಎಂದು ಕೇಳಿದಳು. ಹೌದು ಎಂದೆ.

ದನದ ದವಾಖಾನೆಯಲ್ಲಿ ಡಾಕ್ಟರು ಮಧ್ಯವಯಸ್ಸಿನವರು. ಸಗಣಿಯನ್ನು ನೀರಿನಲ್ಲಿ ಕದಡಿ, ಜಾಲಿಯಲ್ಲಿ ಸೋಸಿ, ಗಾಜಿನ ಲೋಟದಲ್ಲಿ ನಿಲ್ಲಲು ಬಿಟ್ಟರು. ಮೇಲಿನ ನೀರು ಚೆಲ್ಲಿ ಮತ್ತೆ ನೀರು ಹಾಕಿದರು. ಹೀಗೆ ಹಲವು ಸಲ. ತಳದಲ್ಲಿ ಉಳಿದದ್ದರಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನನ್ನನ್ನು ಕರೆದರು. ಜೇನಿನ ಬಣ್ಣದ, ಉದ್ದುದ್ದ ತತ್ತಿ. ಒಂದು ತುದಿಯಲ್ಲಿ ಸಣ್ಣ ಮುಚ್ಚಳ ಇತ್ತು. ಸ್ಟೀಲ್ ಡಬ್ಬಿಯದಷ್ಟೇ ಬಿಗಿ ಅನಿಸಿತು. ಆ ಹನಿಯಲ್ಲಿ ನಾನು ಹದಿನಾಲ್ಕು ಎಣಿಸಿದೆ. ಎಣಿಸಬೇಕೆಂದು ಅವರೇನೂ ಹೇಳಿರಲಿಲ್ಲ.

ಇದು ಯಕೃತ್ತಿನ, ಅಂದರೆ ಕುರಿಗಾರ ಹೇಳಿದ ಕಲೀಜಿಯ ಹುಳು, ಕರುಳಿನ ಜಂತು ಅಲ್ಲ ಎಂದು ಅವರು ವಿವರಿಸಿದರು. ನಾವು ಹಾಕಿದ ಬಿಳಿ ಔಷಧ ಕರುಳಿನದಕ್ಕೆ, ಇದಕ್ಕೆ ಸಾಲದು. ಇದರ ಔಷಧ ಬೇರೆ. ಅದರಲ್ಲೂ ಗಬ್ಬದ ದನಕ್ಕೆ ಯಾವುದು ನಡೆಯುತ್ತದೆಂದು ನೋಡಿ, ತೂಕ ಅಂದಾಜು ಮಾಡಿ ಕೊಡಬೇಕು. ತಾವೇ ಬಂದು ನೋಡುತ್ತೇನೆ ಎಂದರು. ದನ ಎಲ್ಲಿ ನೀರು ಕುಡಿಯುತ್ತದೆ ಎಂದು ಕೇಳಿದರು. ನಾನು ಹೊಂಡದ ವಿಷಯ ಹೇಳಿದೆ. ತಂಬಿಗೆಯ ವಿಷಯ ಹೇಳಲಿಲ್ಲ.

ಅವರು ಬಂದದ್ದು ಬುಧವಾರ ಸಂಜೆ. ನಾನು ಶಾಲೆಯಿಂದ ನೇರ ಹೋಗಿದ್ದೆ. ಕುರಿಗಾರನೂ ತನ್ನ ಕುರಿಗಳಿಗೆ ಔಷಧ ಕೇಳಲು ಬಂದು ನಿಂತಿದ್ದ. ಡಾಕ್ಟರು ಕಡಸಿನ ಎದೆಯ ಸುತ್ತಳತೆಯನ್ನು ಟೇಪಿನಿಂದ ಹಿಡಿದು ತೂಕ ಲೆಕ್ಕ ಹಾಕಿದರು. ಔಷಧ ಹಾಕಿದ್ದು ದೊಡ್ಡವ್ವನೇ, ಅದೇ ಗೊಟ್ಟದಲ್ಲಿ. ಮೋರೆ ಹೆಚ್ಚು ಎತ್ತಬೇಡಿ, ಶ್ವಾಸಕೋಶಕ್ಕೆ ಹೋದೀತು ಎಂದು ಅವರು ಹೇಳುವ ಮೊದಲೇ ಅವಳು ಮುಗಿಸಿ ಕಡಸಿನ ಗಂಟಲು ಸವರುತ್ತಿದ್ದಳು.

ಆಮೇಲೆ ಎಲ್ಲರೂ ಹೊಂಡಕ್ಕೆ ಹೋದೆವು. ಡಾಕ್ಟರು ದಂಡೆಯ ಒಂದು ಎಸಳು ಬಗ್ಗಿಸಿ, ನೀರಿನ ಅಂಚಿನಲ್ಲಿ ಅಂಟಿದ್ದ ಸಣ್ಣ ಬಸವನಹುಳು ತೋರಿಸಿದರು. ಅದನ್ನು ಬೆರಳಲ್ಲಿ ಹಿಡಿದಾಗ ದೊಡ್ಡವ್ವನ ಕೈ ತಾನೇ ಮುಂದೆ ಬಂದು ಹಿಂದೆ ಹೋಯಿತು.

"ಅಂಗಳದಾಗ ಬರ್ತಾವಲ್ಲ ದೊಡ್ಡವು, ಅವುಂದು ತಪ್ಪಿಲ್ರಿ ಅಮ್ಮಾ. ಈ ನೀರಿನ ಸಣ್ಣವು. ದನ ಸಗಣಿ ಹಾಕ್ತದ, ತತ್ತಿ ನೀರಿಗಿ ಬೀಳ್ತದ. ಅದರ ಮರಿ ಈ ಹುಳದ ಹೊಟ್ಟ್ಯಾಗ ಹೊಕ್ಕು ಬೆಳೀತದ. ಹೊರಗ ಬಂದು ಹುಲ್ಲಿಗಿ ಅಂಟ್ಕೊಂಡು ಕೂಡ್ತದ. ದನ ಆ ಹುಲ್ಲು ತಿಂದ್ರ ಮುಗೀತು" ಎಂದು ಡಾಕ್ಟರು ವಿವರಿಸಿದರು.

ದೊಡ್ಡವ್ವ ಬಗ್ಗಿ ಆ ಎಸಳಿನ ಬುಡ ನೋಡಿದಳು.

"ಅಂದ್ರ ಈ ಹುಳಕ್ಕ ಜಡ್ಡು ಕೊಟ್ಟದ್ದು ನಮ್ಮ ಆಕಳೇ ಆತಲ್ರಿ" ಎಂದಳು.

ಡಾಕ್ಟರು ಎಸಳು ಕೈಬಿಟ್ಟರು. "ಹಾಂಗೂ ಅನ್ಬಹುದು ರಿ" ಎಂದರು.

ಉಪಾಯಗಳನ್ನು ಅವರು ಒಂದೊಂದಾಗಿ ಹೇಳಿದರು. ಮೈಲುತುತ್ತ ಹಾಕಿದರೆ ಹುಳು ಸಾಯುತ್ತವೆ, ಆದರೆ ಅದು ಕುರಿಗೆ ವಿಷ, ಇಲ್ಲಿ ಬೇಡ. ಬಾತುಕೋಳಿ ಬಿಟ್ಟರೆ ಅವು ಹುಳುಗಳನ್ನು ಆರಿಸಿ ತಿನ್ನುತ್ತವೆ. ಕುರಿಗಾರ ಅದಕ್ಕೆ, ಆಯಿ ಬಾತುಕೋಳಿಗೆ ಜ್ವಾಳ ಹಾಕಿ ಹಾಕಿ ಹುಳ ತಿನ್ನೋದೇ ಮರಸ್ತಾಳ ಬಿಡ್ರಿ ಎಂದ. ಡಾಕ್ಟರು ನಕ್ಕರು. ಎಲ್ಲಕ್ಕಿಂತ ಖಾತ್ರಿಯಾದ ಉಪಾಯ, ಒಂದು ಕಾಲುವೆ ಕಡಿದು ಹೊಂಡದ ನೀರು ಬಸಿದು, ಒಂದು ಬೇಸಿಗೆ ಪೂರ್ತಿ ಒಣಗಲು ಬಿಡುವುದು. ದೊಡ್ಡವ್ವ ಅದಕ್ಕೆ ಒಲ್ಲೆನೆಂದು ತಲೆ ಆಡಿಸಿದಳು. ಒಣಗಿಸಿ ಕೊಲ್ಲುವುದೂ ಕೊಲ್ಲುವುದೇ ಎಂದಳು.

ಕುರಿಗಾರ ಸಮಾಧಾನದ ದಾರಿ ಹುಡುಕಿದ. "ಆಯಿ, ನೀವು ಬಸವನ ಹುಳ ಅಂತೀರಿ, ಅದಕ್ಕ ಹಿಂಗ ಅನಸ್ತದ. ನಮ್ಮ ಕಡಿ ಮರಾಠ್ಯಾಗ ಬ್ಯಾರೆ ಹೆಸರದ ನೋಡ್ರಿ. ಗೋಗಲಗಾಯ್ ಅಂತಾರ."

"ಗಾಯ್ ಅಂದ್ರ?" ಎಂದು ದೊಡ್ಡವ್ವ ಕೇಳಿದಳು.

ಅವನು ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ.

"ಗಾಯ್ ಅಂದ್ರೇನೋ ತಮ್ಮಾ, ಹೇಳು."

"ಆಕಳ ರಿ" ಎಂದ.

ನನಗೂ ಒಂದು ಹೆಸರು ಗೊತ್ತಿತ್ತು. ಶಂಖದ ಹುಳು ಅಂತಲೂ ಕರೆಯುತ್ತಾರೆ ಎಂದೆ. ಅದು ಇನ್ನೂ ಚಲೋ ಆತು, ಎಂದು ದೊಡ್ಡವ್ವ ಮನೆಯ ಕಡೆ ಹೊರಟಳು. ಡಾಕ್ಟರು ಹೋಗುವಾಗ ನನಗೆ ಹೇಳಿದ್ದನ್ನು ಬರೆದುಕೊಂಡೆ: ದಂಡೆಯ ಹುಲ್ಲು ಬೇಡ. ಕೊಡಲೇಬೇಕಾದರೆ ಕೊಯ್ದು ಚೆನ್ನಾಗಿ ಒಣಗಿಸಿಟ್ಟು ಬಹಳ ದಿನದ ಮೇಲೆ ಕೊಡಿ. ಹೊಂಡದ ನೀರು ಬೇಡ. ಔಷಧ ಕೆಲವು ವಾರ ಬಿಟ್ಟು ಇನ್ನೊಂದು ಸಲ, ಆಮೇಲೆ ಮಳೆಗಾಲದ ಮೊದಲು ಮತ್ತು ನಂತರ. ಹಾಲು ಕೊಡುವಾಗ ಕೇಳದೆ ಹಾಕಬೇಡಿ.

ಶನಿವಾರ ನಾನು ಹೋದಾಗ ಹೊಂಡದ ಸುತ್ತ ಜಾಲಿಮುಳ್ಳಿನ ಬೇಲಿ ಎದ್ದಿತ್ತು. ಒಂದು ಬದಿ ದೊಡ್ಡವ್ವ ಕಟ್ಟಿದ್ದಳು, ಉಳಿದದ್ದು ಕುರಿಗಾರ. ಅವಳ ಮುಂಗೈಯಲ್ಲಿ ಗೀರುಗಳಿದ್ದವು. ಬಾವಿಯ ಹತ್ತಿರ ಬಹಳ ವರ್ಷಗಳಿಂದ ಮಣ್ಣು ತುಂಬಿ ಬಿದ್ದಿದ್ದ ಕಲ್ಲಿನ ದೋಣಿಯನ್ನು ತೊಳೆದು, ಬೋರಿನ ಪೈಪು ಅದಕ್ಕೆ ತಿರುಗಿಸಿದ್ದಳು. ಕಡಸು ಅದರಲ್ಲಿ ನೀರು ಕುಡಿಯುತ್ತಿತ್ತು. "ಅದಕ್ಕ ಅದರ ನೀರು, ಇದಕ್ಕ ಇದರ ನೀರು" ಎಂದಳು. ಹುಲ್ಲಿನ ಬದಲು ಜೋಳದ ಒಣ ಕಣಿಕೆ. ಕಡಸು ಮೊದಲು ಮೂಸಿ ಬಿಟ್ಟಿತು, ಆಮೇಲೆ ತಿಂದಿತು. ತಂಬಿಗೆ ದೇವರ ಮನೆಯ ಮೂಲೆಗೆ ಬಂದಿತ್ತು, ಬೆಳಗಿ ಇಟ್ಟಿದ್ದಳು.

ಅಲ್ಲಿಂದ ಮುಂದೆ ನನ್ನ ಡೈರಿಯಲ್ಲಿ ಪ್ರತಿ ಶನಿವಾರ ಒಂದೇ ಮಾತು: ಕಣ್ಣಿನ ರೆಪ್ಪೆ. ಬಿಳಿ. ಬಿಳಿ. ಬಿಳಿ. ಸೆಪ್ಟೆಂಬರಿನಲ್ಲಿ ಎರಡನೆಯ ಸಲದ ಔಷಧ. ಆಮೇಲೂ ಒಂದು ವಾರ ಬಿಳಿ. ನಂತರ ಸ್ವಲ್ಪ ಗುಲಾಬಿ ಎಂದು ಬರೆದು, ಸಂಶಯ ಬಂದು ಹೊಡೆದುಹಾಕಿದ್ದೇನೆ. ಆ ತಿಂಗಳುಗಳಲ್ಲಿ ದೊಡ್ಡವ್ವ ಕೊಟ್ಟಿಗೆಯ ಕೆಲಸ ಮುಗಿಸಿ ಕಟ್ಟೆಯ ಮೇಲೆ ಕುಳಿತು ಬೇಲಿಯ ಕಡೆ ನೋಡುತ್ತಿದ್ದಳು. ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಉಣ್ಣಿ ತೆಗೆಯುವ ಕೆಲಸ ನಡೆದೇ ಇತ್ತು, ಆದರೆ ಕೆಂಡದ ಚಟ್ ಶಬ್ದ ಬಂದಾಗ ಈಗ ನಾನು ಎಣಿಸುತ್ತಿರಲಿಲ್ಲ.

ಕಡಸು ಈದದ್ದು ಡಿಸೆಂಬರ್ 4, ಗುರುವಾರ. ನಾನು ಶಾಲೆಯಲ್ಲಿದ್ದೆ. ದೊಡ್ಡಪ್ಪ ಫೋನು ಮಾಡಿ, ಹೆಣ್ಣುಗರು, ಸಣ್ಣದಾದ, ಎದ್ದು ನಿಂತದ ಎಂದರು. ಶನಿವಾರ ಹೋಗಿ ನೋಡಿದೆ. ಬಿಳಿ ಮೈ, ಕಪ್ಪು ಮುಖ, ಮೊಣಕಾಲು ನಡುಗುತ್ತಿತ್ತು. ದೊಡ್ಡವ್ವ ನನಗೆ ವಾಟಿಯಲ್ಲಿ ಗಿಣ್ಣ ಹಾಕಿ ಕೊಟ್ಟಳು. ತಿಂದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಗೋಡೆಯ ಗೂಟದಿಂದ ಒಂದು ಹಗ್ಗ ತೆಗೆದಳು. ಜುಲೈಯಲ್ಲಿ ಸತ್ತ ಆಕಳಿನದು. ಕರುವಿಗೆ ಅದು ಬಹಳ ದಪ್ಪ. ಕೊರಳಿಗೆ ಹಿಡಿದು ನೋಡಿ ಮತ್ತೆ ಗೂಟಕ್ಕೆ ತೂಗುಹಾಕಿದಳು.

ಇದನ್ನು ಬರೆಯುತ್ತಿರುವುದು ಜೂನ್ ತಿಂಗಳಲ್ಲಿ. ಈ ಸಲ ಮಳೆ ಬೇಗ ಬಂತು, ಹಿನ್ನೀರು ಏರಿತು. ಹೋದ ವಾರ ಹೋದಾಗ ಹೊಂಡದ ನೀರು ಜಾಲಿಮುಳ್ಳಿನ ಬೇಲಿ ದಾಟಿ ಈಚೆಯ ಹುಲ್ಲಿಗೆ ಬಂದಿತ್ತು. ಆ ಹುಲ್ಲಿನ ಬುಡದಲ್ಲಿ ಸಣ್ಣ ಬಸವನಹುಳುಗಳಿದ್ದವು. ನಾನು ಎಣಿಸಲು ಶುರುಮಾಡಿ ಬಿಟ್ಟೆ. ಬೇಲಿಯನ್ನು ಹಿಂದಕ್ಕೆ ಸರಿಸಬಹುದು, ಇನ್ನೂ ಮಳೆ ಬಂದರೆ ಮತ್ತೆ ಸರಿಸಬೇಕು. ಕರು ಈಗ ಮೇಯಲು ಕಲಿತಿದೆ. ಹಸಿ ಕಂಡಲ್ಲಿ ಹಗ್ಗ ಎಳೆಯುತ್ತದೆ. ಕುರಿಗಾರ ಈ ಬೇಸಿಗೆಯೂ ಬಂದಿದ್ದ, ಆದರೆ ಕುರಿಗಳನ್ನು ಮೇಲಿನ ಹೊಲದಲ್ಲೇ ಕೂಡ್ರಿಸಿ ದೋಣಿಯ ನೀರನ್ನೇ ಕುಡಿಸಿದ. ಕಾಲುವೆ ಕಡಿದು ಹೊಂಡ ಒಣಗಿಸುವ ಮಾತನ್ನು ನಾನು ಮತ್ತೆ ತೆಗೆದೆ. ದೊಡ್ಡವ್ವ ಅಂಗಳದಲ್ಲಿ ಮಳೆಗೆ ಬಂದ ದೊಡ್ಡ ಬಸವನಹುಳುಗಳನ್ನು ಆರಿಸುತ್ತಿದ್ದಳು. ಅವನ್ನು ಈಗ ಹೊಂಡಕ್ಕೆ ಒಯ್ಯುವುದಿಲ್ಲ, ನುಗ್ಗೆ ಗಿಡದ ಬುಡಕ್ಕೆ ಬಿಡುತ್ತಾಳೆ. ಬೆನ್ನು ಎತ್ತದೆ ಹೇಳಿದಳು:

"ಆ ಹೆಸರು ಬಿಟ್ಟು ಬ್ಯಾರೆ ಹೆಸರಿದ್ರ ತಂದು ಹೇಳವ್ವಾ. ಆವಾಗ ನೋಡೋಣು."

ಅವಳು ಮಾತಿಗೆ ಹೇಳಿದಳೋ ನಿಜವಾಗಿ ಹೇಳಿದಳೋ ನನಗೆ ತಿಳಿಯಲಿಲ್ಲ. ನಾನು ನಿಜವೆಂದೇ ತೆಗೆದುಕೊಂಡಿದ್ದೇನೆ. ಕನ್ನಡದಲ್ಲಿ ಬಸವ, ಮರಾಠಿಯಲ್ಲಿ ಆಕಳು, ನಿಘಂಟಿನಲ್ಲಿ ಶಂಖ. ನೀರಿನ ದಂಡೆಯ ಆ ಸಣ್ಣ ಹುಳುವಿಗೇ ಬೇರೆಯಾಗಿ, ದೇವರ ನಂಟಿಲ್ಲದ ಒಂದು ಹೆಸರು ಕನ್ನಡದ ಯಾವುದಾದರೂ ಊರಿನಲ್ಲಿ, ಕುರಿಗಾರರ ಅಥವಾ ಮೀನು ಹಿಡಿಯುವವರ ಮಾತಿನಲ್ಲಿ ಇರಬಹುದು. ತಿಳಿದವರು ಪ್ರಕಾಶಕರ ಮೂಲಕ ನನಗೆ ಬರೆಯಬೇಕು. ಏರುವ ಹಿನ್ನೀರಿನ ಬದಿಯಲ್ಲಿ, ಹೊಂಡ ಒಣಗಿಸದೆ, ಕರುಗಳನ್ನು ಈ ಹುಳುವಿನಿಂದ ಕಾಪಾಡಿಕೊಂಡವರು ಇದ್ದರೆ ಅವರೂ ಬರೆಯಬೇಕು. ಹೆಸರು ಬಂದ ದಿನ ಮೊದಲು ದೊಡ್ಡವ್ವನಿಗೆ ಹೇಳುತ್ತೇನೆ.